ಐತವಾರದ ಹಾಳೂರು

ಆಷಾಢದ ಮೊದಲ ಮಂಗಳವಾರ. ಕೋಳಿ ಕೂಗಿತ್ತು, ಬೆಳಕು ಇನ್ನೂ ಹರಿದಿರಲಿಲ್ಲ. ಸಾಯಪ್ಪ ಹುಣಸಿವಾಡಿಯ ಊರಬಾಗಿಲಾದ ಅಗಸಿಯಲ್ಲಿ ಜಾಲಿಮುಳ್ಳಿನ ಹೊರೆ ಇಳಿಸಿ, ಊರನ್ನೆಲ್ಲ ಹೊರಗೆ ಹಾಕಲು ನಿಂತುಕೊಂಡ.

ಅಂದು ಹೊರಬೀಡು. ವರ್ಷಕ್ಕೊಂದು ದಿನ ಊರದೇವತೆ ಮರಗಮ್ಮ ತನ್ನ ಊರನ್ನು ಒಬ್ಬಳೇ ಸುತ್ತಿ ನೋಡುತ್ತಾಳೆ. ಆಗ ಊರೊಳಗೆ ಮನುಷ್ಯರ ಉಸಿರು ಇರಬಾರದು. ಒಲೆಯಲ್ಲಿ ಕೆಂಡ ಇರಬಾರದು. ಬಾಗಿಲಿಗೆ ಬೀಗ ಹಾಕಬಾರದು, ಹಾಕಿದರೆ ಅವಳ ಮುಖದ ಮೇಲೆ ಹಾಕಿದ ಹಾಗೆ. ಕಾಲಲ್ಲಿ ಚಪ್ಪಲಿ ಬೇಡ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರಬೇಕು, ಅದಕ್ಕೆ ಮೊದಲಲ್ಲ. ಎಲ್ಲರನ್ನೂ ಹೊರಡಿಸಿ, ಕಡೆಗೆ ತಾನು ಹೊರಬಿದ್ದು, ಅಗಸಿಗೆ ಮುಳ್ಳು ಎಳೆಯುವುದು ಸಾಯಪ್ಪನ ಮನೆತನದ ಕೆಲಸ. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವನು ಅವನು. ಆದರೆ ಯಾವ ವರ್ಷ ಯಾರು ಹೊರಬೀಡಿನ ದಿನ ಕಳ್ಳತನದಿಂದ ಒಳಗೆ ಉಳಿದರು, ಆಮೇಲೆ ಊರಿಗೆ ಏನು ಬಂತು ಎಂಬುದು ಅವನ ತಲೆಯಲ್ಲಿ ಸಾಲಾಗಿ ನಿಂತಿತ್ತು.

ಹೋದ ವರ್ಷ ಉಳಿದವನು ಅಂಗಡಿಯ ಮನ್ಮಥಪ್ಪ. ಮುಂದಿನ ತಿಂಗಳೇ ದನಗಳ ಮೈಮೇಲೆ ಗಂಟು ಎದ್ದವು. ಹೀಗಾಗಿ ಈ ಸಲ ಸಾಯಪ್ಪ ಮೊದಲು ಹೋಗಿ ನಿಂತದ್ದು ಅವನ ಬಾಗಿಲಿಗೇ.

"ಸಾವಕಾರ್ರ, ಹೊರಗ ಬರ್ರಿ."

"ನೀ ಮುಂದ ನಡಿಯೋ ಸಾಯಪ್ಪ, ನಾ ಬಂದೆ."

"ಹೋದ ವರ್ಷನೂ ಹಿಂಗೇ ಅಂದಿದ್ರಿ. ದನಗೋಳ ಮೈ ನೋಡೀರಲ್ಲ?"

"ದನದ ಜಡ್ಡಿಗಿ ನಾ ಕಾರಣ ಏನಲೇ? ದುಕಾನ ತೆರದಿಟ್ಟು ಹೋದ್ರ ಸಕ್ಕರಿ ಚೀಲ ಯಾರು ಕಾಯ್ತಾರ?"

"ಮರಗಮ್ಮ ಕಾಯ್ತಾಳ್ರಿ. ಅಕಿಗಿ ಸಕ್ಕರಿ ಬ್ಯಾಡ."

ಮನ್ಮಥಪ್ಪ ಗೊಣಗುತ್ತ ಹೊರಗೆ ಬಂದ. ಸಾಯಪ್ಪ ಅಲ್ಲಿಗೂ ಬಿಡಲಿಲ್ಲ. ಅಟ್ಟದ ಮೇಲೆ ಕುಳಿತಿದ್ದ ಬೆಕ್ಕನ್ನು ಚೀಲದಲ್ಲಿ ಹಾಕಿಸಿದ. ಕೋಳಿಗಳನ್ನು ಬುಟ್ಟಿಗೆ ಹಾಕಿಸಿದ, ನಾಯಿಗಳನ್ನು ರೊಟ್ಟಿ ತೋರಿಸಿ ಹಳ್ಳ ದಾಟಿಸಿದ. ಓಣಿ ಓಣಿ ತಿರುಗಿ ಪ್ರತಿ ಹೊಸ್ತಿಲಲ್ಲೂ ಬಗ್ಗಿ ನೋಡಿದ. ಅವನ ನೆನಪಿನಲ್ಲಿ ಹುಣಸಿವಾಡಿ ಇಷ್ಟು ಅಚ್ಚುಕಟ್ಟಾಗಿ ಖಾಲಿಯಾದದ್ದು ಅದೇ ಮೊದಲು. ತನ್ನ ಕೆಲಸಕ್ಕೆ ತಾನೇ ತಲೆದೂಗಿ, ಚಪ್ಪಲಿಯನ್ನು ಮನೆಯ ಮುಂದೆಯೇ ಬಿಟ್ಟು, ಅಗಸಿಗೆ ಮುಳ್ಳು ಎಳೆದು ಹಳ್ಳದ ದಾರಿ ಹಿಡಿದ.

ಹಳ್ಳದಾಚೆ ಇರುವುದು ಹಾಳೂರು. ಸಾಯಪ್ಪನ ಮುತ್ಯಾನ ಕಾಲದಲ್ಲಿ ಬಾವಿಯ ನೀರು ಸವಳಾಗಿ, ಜನ ಅದನ್ನು ಬಿಟ್ಟು ಈಚೆ ಬಂದು ಹುಣಸಿವಾಡಿ ಕಟ್ಟಿದರು. ಈಗ ಅಲ್ಲಿ ಸೊಂಟದೆತ್ತರದ ಗೋಡೆಗಳು, ನಾಲ್ಕು ಬೇವಿನ ಮರಗಳು ಉಳಿದಿವೆ. ಹೊರಬೀಡಿನ ದಿನ ಪ್ರತಿ ಮನೆಯವರೂ ತಮ್ಮ ಹಿರಿಯರ ಮನೆ ಇದ್ದ ಜಾಗದಲ್ಲೇ ಕಲ್ಲು ಹೂಡಿ ಅಡಿಗೆ ಮಾಡುತ್ತಾರೆ. ಅಂದೂ ಹೊಗೆ ಎದ್ದಿತು, ಹೋಳಿಗೆಯ ವಾಸನೆ ಎದ್ದಿತು, ಮಕ್ಕಳ ಕೂಗಾಟ ಎದ್ದಿತು.

ಊಟಕ್ಕೆ ಕುಳಿತಾಗ ಬಸ್ಸಿನ ಮಾತು ಬಂತು. ಆ ಮಾತು ಬರದೆ ಅವರ ಮನೆಯಲ್ಲಿ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ಸಾಯಪ್ಪನ ಮೊಮ್ಮಗಳು ಸ್ವರೂಪಾ ಹತ್ತನೆಯದು ಪಾಸಾಗಿ ನಾರಾಯಣಖೇಡದ ಕಾಲೇಜು ಸೇರಿದ್ದಳು. ದಿನಾ ಬೆಳಿಗ್ಗೆ ಹೊಲದ ದಾರಿಯಲ್ಲಿ ನಡೆದು ದೊಡ್ಡ ರಸ್ತೆ ಮುಟ್ಟಬೇಕು, ಅಲ್ಲಿಂದ ಆಟೋ. ಸಂಜೆ ಮತ್ತೆ ಅದೇ ದಾರಿ.

"ಈಗ ತೊಗರಿ ಮೊಣಕಾಲಿಗಿ ಅದ," ಎಂದ ಅವಳ ಅಪ್ಪ, ಸಾಯಪ್ಪನ ಮಗ ಧಮ್ಮಪಾಲ. "ದಸರಾಕ್ಕ ಆಳುದ್ದ ನಿಲ್ತದ. ಆ ಸಂದ್ಯಾಗ ಕತ್ತಲಿಗಿ ಹುಡುಗಿ ಒಬ್ಬಾಕಿ ಬರೂದು ನನಗ ಬ್ಯಾಡ. ಅಷ್ಟರಾಗ ಬಸ್ಸು ಬಂದ್ರ ಕಾಲೇಜು. ಇಲ್ಲಂದ್ರ ಬಂದ್."

"ಹೆಣ್ಮಕ್ಕಳಿಗಿ ಬಸ್ಸು ಪುಕ್ಕಟ ಮಾಡ್ಯಾರಂತ," ಎಂದಳು ಸಾಯಪ್ಪನ ಹೆಂಡತಿ ಜನಾಬಾಯಿ, ಹೋಳಿಗೆ ಮಗುಚುತ್ತ. "ಎಲ್ಲಿ ಅದಪಾ ಆ ಬಸ್ಸು? ನನ್ನ ಪಾಲಿಂದು ತೋರಸ್ರಿ, ಬರೇ ಕೈ ಮುಗಿದು ಬರ್ತೀನಿ."

"ಮುತ್ಯಾ, ಸಾಹೇಬ್ರು ಏನಂದ್ರು?" ಎಂದು ಕೇಳಿದಳು ಸ್ವರೂಪಾ.

ಸಾಯಪ್ಪ ಬೇಸಿಗೆಯಲ್ಲಿ ಬಸ್ಸಿನ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತು ಬಂದಿದ್ದ. ನಿಮ್ಮೂರಿನ ಮಂದಿಯಿಂದ ಬಸ್ಸು ತುಂಬುವುದಿಲ್ಲ ಎಂದು ಅವರು ತಲೆಯೆತ್ತದೆ ಹೇಳಿದ್ದರು. "ನೋಡ್ತೀನಂದಾರ," ಎಂದು ಮೊಮ್ಮಗಳಿಗೆ ಹೇಳಿದ.

"ನೋಡಾಕ ಹೇಳಿದ್ದಲ್ಲಪಾ ನಾವು, ಕಳಸಾಕ ಹೇಳಿದ್ದು," ಎಂದ ಧಮ್ಮಪಾಲ.

ಅಷ್ಟರಲ್ಲಿ ದೂರದ ಬದುವಿನ ಮೇಲೆ ಇಬ್ಬರು ಕಂಡರು. ಒಬ್ಬ ಹುಡುಗ, ಒಬ್ಬ ಹುಡುಗಿ, ಬೆನ್ನ ಮೇಲೆ ಕರಿ ಚೀಲ. ಅವರು ಹಾಳೂರಿನ ಹೊಗೆಯನ್ನೂ ಗದ್ದಲವನ್ನೂ ನೋಡಿದರು. ಕೈಯಲ್ಲಿದ್ದ ಫೋನು ನೋಡಿದರು. ಮತ್ತೆ ಹೊಗೆ ನೋಡಿದರು. ಜನಾಬಾಯಿ ಸೌಟು ಎತ್ತಿ, ಊಟಕ್ಕೆ ಬರ್ರಿ ಎಂದು ಕರೆದಳು. ಹುಡುಗಿ ನಕ್ಕು ಕೈ ಬೀಸಿ, ಜೊತೆಗಾರನಿಗೆ ಏನೋ ಹೇಳಿ, ಹಳ್ಳದ ಕಡೆಗೆ ಇಳಿದು ಹೋದಳು.

"ಪಾಪ, ನಾಚಗೊಂಡ್ವು," ಎಂದಳು ಜನಾಬಾಯಿ.

ದೀಪ ಹಚ್ಚುವ ಹೊತ್ತಿಗೆ ಊರು ತಿರುಗಿ ಬಂದಾಗ ಅಗಸಿಯ ಮುಳ್ಳು ಒಂದು ಬದಿಗೆ ಸರಿದಿತ್ತು. ಓಣಿಯ ಧೂಳಿನಲ್ಲಿ ಹೆಜ್ಜೆಗಳಿದ್ದವು. ಬರಿಗಾಲಲ್ಲ, ಗೀರುಗೀರಾದ ಅಚ್ಚು. ಮನ್ಮಥಪ್ಪನ ಅಂಗಡಿಯ ಕಾಲು ಮುರಿದ ಕುರ್ಚಿ ಓಣಿಯ ನಟ್ಟನಡುವೆ ಬಂದು ಕುಳಿತಿತ್ತು. ಜನಾಬಾಯಿಯ ತೂತು ಬಿದ್ದ ಕೊಡ ಕಟ್ಟೆಯ ಮೇಲೆ ಅಡ್ಡ ಮಲಗಿತ್ತು.

ಜನ ಸಾಯಪ್ಪನ ಮುಖ ನೋಡಿದರು. ಸಾಯಪ್ಪ ಹೆಜ್ಜೆ ನೋಡಿದ.

"ಅವ್ವ ಬಂದು ಹೋಗ್ಯಾಳ," ಎಂದಳು ಒಬ್ಬಳು, ಗಲ್ಲ ಬಡಿದುಕೊಂಡು.

"ಬೂಟು ಹಾಕ್ಕೊಂಡು ಬಂದಾಳೇನು?" ಎಂದ ಧಮ್ಮಪಾಲ. ಅವನು ದೇವರನ್ನು ಬಿಟ್ಟು ಬುದ್ಧನ ಫೋಟೋ ಇಟ್ಟುಕೊಂಡು ಬಹಳ ದಿನವಾಗಿತ್ತು. ಹೋಳಿಗೆಯನ್ನು ಬಿಟ್ಟಿರಲಿಲ್ಲ.

"ಕಾಲ ಬದಲಾಗ್ಯಾದಪಾ," ಎಂದ ಮನ್ಮಥಪ್ಪ. "ಕುರ್ಚಿ ಬೇಕಾಗ್ಯಾದ ಅಕಿಗಿ. ಸಕ್ಕರಿ ಮಾತ್ರ ಮುಟ್ಟಿಲ್ಲ. ಸಾಯಪ್ಪ ಖರೇನೇ ಹೇಳಿದ್ದ."

ಸಾಯಪ್ಪನಿಗೆ ನಗು ಬರಲಿಲ್ಲ. ಊರನ್ನು ಪೂರ್ತಿ ಖಾಲಿ ಮಾಡಿದ ವರ್ಷವೇ ಯಾರೋ ಒಳಗೆ ಬಂದು ಹೋಗಿದ್ದರು. ಯಾರೂ ಇಲ್ಲದ್ದರಿಂದ ತಡೆಯುವವರೂ ಇರಲಿಲ್ಲ.

ಶ್ರಾವಣದಲ್ಲಿ ಗುಟ್ಟು ಒಡೆಯಿತು. ಒಂದು ಸಂಜೆ ಸ್ವರೂಪಾ ಕಾಲೇಜಿನಿಂದ ಓಡೋಡಿ ಬಂದು ಮುತ್ಯಾನ ಮುಂದೆ ಫೋನು ಹಿಡಿದಳು. ಅದರಲ್ಲಿ ಫೋಟೋ. ತೆರೆದ ಬಾಗಿಲು, ತಣ್ಣಗಿನ ಒಲೆ, ನಡುಬೀದಿಯ ಕುರ್ಚಿ. ಕೆಳಗೆ ಬರಹ.

"ಏನು ಬರದಾರವ್ವ?"

"ಜನ ಬಿಟ್ಟುಹೋದ ಊರು ಅಂತ ಬರದಾರ ಮುತ್ಯಾ. ಹೈದರಾಬಾದಿನ ಕಾಲೇಜಿನ ಶಿಲ್ಪಾರಾಣಿ ಅಂತ, ತಾಂಡೂರ ಕಡಿಯಾಕಿ. ಹಾಳಾದ ಊರುಗೋಳ ಫೋಟೋ ತೆಗೆಯೋದೇ ಅಕಿ ಪರೀಕ್ಷಾದ ಕೆಲಸಂತ. ಮೊದಲ ಬಹುಮಾನ ಬಂದದ." ಅವಳು ಫೋಟೋ ಸರಿಸಿದಳು. "ಇದನ್ನ ನೋಡು."

ಅದು ಸಾಯಪ್ಪನ ಹೊಸ್ತಿಲು. ಹೊಸ್ತಿಲ ಮುಂದೆ ತಾಮ್ರದ ತಂತಿಯಿಂದ ಬಿಗಿದ ಒಂದು ಚಪ್ಪಲಿ.

"ಇಲ್ಲಿ ಇದ್ದವರು ಒಂದು ಚಪ್ಪಲಿ ಮೆಟ್ಟಾಕೂ ಪುರಸೊತ್ತಿಲ್ಲದಂಗ ಓಡಿ ಹೋಗ್ಯಾರ, ಯಾವ ಭಯ ಅವರನ್ನ ಓಡಿಸಿತೋ ಅಂತ ಕೇಳ್ಯಾರ."

"ಯಾವ ಭಯ? ಇನ್ನೊಂದು ಚಪ್ಪಲಿ ಹಿಂದಿನ ರಾತ್ರೀನೇ ನಾಯಿ ಎಳಕೊಂಡು ಹೋಗಿತ್ತು," ಎಂದ ಸಾಯಪ್ಪ.

ಆ ರಾತ್ರಿ ಊಟದ ಮೊದಲೇ ಊರೆಲ್ಲ ಆ ಫೋನಿನ ಸುತ್ತ ಸೇರಿತು. ತಂತಮ್ಮ ಮನೆ ಕಂಡವರು ಹಿಗ್ಗಿದರು. ಮನ್ಮಥಪ್ಪ ಎರಡು ಸಲ ಎಲ್ಲ ಫೋಟೋ ಸರಿಸಿ ನೋಡಿ, ಕುರ್ಚಿ ಬಂದಿದೆ, ಅಂಗಡಿ ಬಂದಿಲ್ಲ ಎಂದು ಮುಖ ಊದಿಸಿಕೊಂಡ. "ಹೊಸ ಬಣ್ಣ ಹಚ್ಚಿಸೀರಿ ಸಾವಕಾರ್ರ," ಎಂದಳು ಜನಾಬಾಯಿ. "ಹಾಳಾದವರಿಗೇ ಇಜ್ಜತ್ ಅದ ಈಗ."

ಸಾಯಪ್ಪ ಮಾತ್ರ ಮರುದಿನವೇ ಬಸ್ಸಿನ ಕಚೇರಿಗೆ ಹೋದ. ಊರು ಸತ್ತಿದೆ ಎಂಬ ಸುದ್ದಿ ತನಗಿಂತ ಮುಂಚೆ ಅಲ್ಲಿ ಮುಟ್ಟಬಾರದು ಎಂಬುದು ಅವನ ಅವಸರ. ಆದರೆ ಸುದ್ದಿ ಮೊದಲೇ ಮುಟ್ಟಿತ್ತು.

"ಹುಣಸಿವಾಡಿ?" ಎಂದರು ಸಾಹೇಬರು. "ಅಲ್ಲಿ ಮಂದೀನೇ ಇಲ್ಲಲ್ಲೋ ಮುದುಕ." ಫೋನು ತಿರುಗಿಸಿ ತೋರಿಸಿದರು.

"ಸಾಹೇಬ್ರ, ಇದು ನನ್ನ ಚಪ್ಪಲಿರಿ."

"ಹೌದೇನು? ಹಂಗಾರ ಯಾಕ ಬಿಟ್ಟು ಹೋದಿ?"

ಈ ಪ್ರಶ್ನೆಗೆ ಮರಗಮ್ಮನಿಂದ ಹಿಡಿದು ಉತ್ತರ ಹೇಳಬೇಕಾಗಿತ್ತು. ಸಾಯಪ್ಪ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಇನ್ನೊಬ್ಬರೊಡನೆ ಮಾತಿಗೆ ಹತ್ತಿದ್ದರು.

ಅಲ್ಲಿಂದ ಮುಂದೆ ಭಾನುವಾರ ಭಾನುವಾರ ಮೋಟರ್‌ಸೈಕಲ್ಲುಗಳು ಬರತೊಡಗಿದವು. ಜಹೀರಾಬಾದಿನಿಂದ, ಹೈದರಾಬಾದಿನಿಂದ ಹುಡುಗರು ಬಂದು ಅಗಸಿಯಲ್ಲಿ ನಿಂತು, ಒಳಗೆ ಕಸ ಹೊಡೆಯುತ್ತಿದ್ದ ಜನಾಬಾಯಿಯನ್ನು ಕಂಡು ಪೆಚ್ಚಾಗುತ್ತಿದ್ದರು.

"ಅಜ್ಜಿ, ಇಲ್ಲಿ ಜನ ಇದ್ದಾರಾ?"

"ನಾ ಏನು ಕಾಣ್ತೀನಪಾ ನಿನಗ, ಎಮ್ಮಿ?"

"ಅಷ್ಟು ದೂರದಿಂದ ಬಂದಿದ್ದೆವು," ಎಂದು ಅವರು ಮೋಸ ಹೋದವರ ಹಾಗೆ ತಿರುಗಿ ಹೋಗುತ್ತಿದ್ದರು. ಜನಾಬಾಯಿಗೇ ಕೆಡುಕೆನಿಸಿ, ನೀರು ಕುಡಿದು ಹೋಗಿ ಎಂದು ಕೂಗುತ್ತಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ಶಿಲ್ಪಾರಾಣಿಯೇ ಬಂದಳು. ಕರಣಕೋಟದ ಸಿಮೆಂಟ್ ಕಾರ್ಖಾನೆಯ ನೌಕರನೊಬ್ಬನ ಮಗಳು. ಕಂಪನಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಹೊರಬೀಡು ಎಂದರೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಜೊತೆಗೆ ಕ್ಯಾಮೆರಾದ ಹುಡುಗ ಮೌನೇಶ. ಇಬ್ಬರೂ ಸಾಯಪ್ಪನ ಕಟ್ಟೆಯ ಮೇಲೆ ಕುಳಿತರು. ಹುಡುಗಿ ಅಳಲು ಶುರುಮಾಡಿದಳು.

"ಮುತ್ಯಾ, ಆವತ್ತು ಆ ಕಡಿ ಹೊಗಿ, ಮಂದಿ, ಹುಡುಗ್ರು ಎಲ್ಲಾ ಕಂಡ್ವು. ಜೀವಂತ ಊರು ಅದು, ಹಾಳೂರು ಇದು ಅನಕೊಂಡ್ವಿ. ಇಲ್ಲಿ ನೋಡಿದ್ರ ಒಂದು ನಾಯಿನೂ ಇರಲಿಲ್ಲ."

ನಾಯಿಗಳಿಗೆ ತೋರಿಸಿದ ರೊಟ್ಟಿ ಸಾಯಪ್ಪನಿಗೆ ನೆನಪಾಯಿತು.

"ಬರೂ ಐತವಾರ ನಮ್ಮ ಸರ್ ಊರು ನೋಡಾಕ ಬರ್ತಾರ. ಮಂದಿ ಕಂಡ್ರ ನನ್ನ ಬಹುಮಾನ ಹೋಗ್ತದ, ವರ್ಷನೂ ಹೋಗ್ತದ. ಸುಳ್ಳು ಫೋಟೋ ಅಂತಾರ."

"ಫೋಟೋ ಸುಳ್ಳಲ್ಲವ್ವ," ಎಂದ ಸಾಯಪ್ಪ. "ಬರಹ ಸುಳ್ಳು."

"ಸರ್ ಜೋಡಿ ಬಸ್ಸಿನ ಸಾಹೇಬ್ರೂ ಬರ್ತಾರ್ರಿ," ಎಂದ ಮೌನೇಶ, ಸುಮ್ಮನೆ ಮಾತಿಗೆ. "ಇಷ್ಟು ಮಂದಿ ಹಾಳೂರು ನೋಡಾಕ ಬರಾಕತ್ತಾರಲ್ಲ, ಬಸ್ಸು ಬಿಟ್ರ ತುಂಬ್ತದೋ ಏನೋ ನೋಡಾಕ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಸ್ವರೂಪಾ ಬಾಗಿಲಿಗೆ ಬಂದು ಮುತ್ಯಾನನ್ನು ನೋಡಿದಳು.

ಅಂದು ಸಂಜೆ ಊರು ಸೇರಿತು. ಮಾತು ಉದ್ದ ಹೋಗಲಿಲ್ಲ.

"ಮಂದಿ ಇದ್ರ ಬಸ್ಸಿಲ್ಲ, ಇಲ್ಲಂದ್ರ ಬಸ್ಸು," ಎಂದ ಮನ್ಮಥಪ್ಪ. "ಸತ್ತರ ಬಸ್ಸು ಬರ್ತದಂದ್ರ ಒಂದು ದಿನ ಸಾಯೂಣು. ಸಂಜಿಗಿ ಏಳ್ತೀವಲ್ಲ?"

ಸಾಯಪ್ಪನಿಗೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಮಂಗಳವಾರ ಊರು ಖಾಲಿ ಮಾಡಿದರೆ ಒಳಗೆ ಮರಗಮ್ಮ ಇರುತ್ತಾಳೆ. ಭಾನುವಾರ ಖಾಲಿ ಮಾಡಿದರೆ ಯಾರಿರುತ್ತಾರೆ? ಯಾರೂ ಇಲ್ಲದ ಊರನ್ನು ಅವನ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಸ್ವರೂಪಾ ಬಾಗಿಲಲ್ಲಿ ನಿಂತೇ ಇದ್ದಳು. ಹೊಲದಲ್ಲಿ ತೊಗರಿ ಸೊಂಟಕ್ಕೆ ಬಂದಿತ್ತು.

"ಆತು," ಎಂದ.

ಭಾನುವಾರ ಅವನು ಮತ್ತೆ ಊರನ್ನು ಹೊರಗೆ ಹಾಕಿದ. ಮನ್ಮಥಪ್ಪ ಅಂಗಡಿಗೆ ಹೊಸ ಬೀಗ ಜಡಿದು ಹೊರಟಿದ್ದ. "ಹಾಳೂರಿಗಿ ಹೊಳಿಯೋ ಬೀಗ ಎಲ್ಲಿಂದ ಬಂತ್ರಿ ಕಾಕಾ," ಎಂದು ಶಿಲ್ಪಾರಾಣಿ ಕೈ ಮುಗಿದ ಮೇಲೆ, ಬೀಗಕ್ಕೆ ಸಗಣಿ ಮೆತ್ತಿದ. ತೆಗೆಯಲಿಲ್ಲ. ಜನಾಬಾಯಿ ಅಂಗಳ ಗುಡಿಸದೆ ಹೋಗಲು ಒಪ್ಪಲೇ ಇಲ್ಲ. ಯಾರೂ ನೋಡದಾಗ ಗುಡಿಸಿ, ನೀರು ಹಾಕಿ, ನಾಲ್ಕು ಎಳೆ ರಂಗೋಲಿಯನ್ನೂ ಎಳೆದು ಹಳ್ಳ ದಾಟಿದಳು. ಸಾಯಪ್ಪನಿಗೆ ಮೌನೇಶ ಒಂದು ಖಾಕಿ ಅಂಗಿ ತೊಡಿಸಿ, ಪಕ್ಕದ ಊರಿನಿಂದ ಬಂದ ಕಾವಲುಗಾರ ಎಂದು ಅಗಸಿಯಲ್ಲಿ ನಿಲ್ಲಿಸಿದ.

ಜೀಪು ಬಂತು. ಬಸ್ಸಿನ ಸಾಹೇಬರು ಇಳಿದರು. ಅವರು ಸಾಯಪ್ಪನನ್ನು ಗುರುತು ಹಿಡಿಯಲಿಲ್ಲ. ಹಿಡಿಯಬೇಕಾದರೆ ಮೊದಲು ನೋಡಿರಬೇಕಲ್ಲ. ಕಾಲೇಜಿನ ಸರ್ ಒಳ್ಳೆಯ ಮನುಷ್ಯ. ಗುಡಿಗೆ ಬಂದವರ ಹಾಗೆ ಮೆಲ್ಲಗೆ ಹೆಜ್ಜೆ ಇಡುತ್ತ ಓಣಿಯಲ್ಲಿ ನಡೆದರು. ಸಾಯಪ್ಪನ ಅಂಗಳದ ರಂಗೋಲಿ ಕಂಡು ನಿಂತುಬಿಟ್ಟರು.

"ಇದನ್ನು ಯಾರು ಹಾಕುತ್ತಾರೆ, ಅಜ್ಜ?"

"ಈ ಮನಿಯಾಕೀನೇರಿ."

"ಅವಳು... ಈಗಲೂ ಬರುತ್ತಾಳೆಯೇ?"

"ಬಿಡಂಗಿಲ್ರಿ ಅಕಿ. ಎಷ್ಟು ಬ್ಯಾಡಂದ್ರೂ ಕೇಳಂಗಿಲ್ಲ."

ಸರ್ ಕೈಯ ಮೇಲಿನ ಕೂದಲು ನಿಂತದ್ದು ಸಾಯಪ್ಪನಿಗೂ ಕಂಡಿತು.

"ಊರಿನವರೆಲ್ಲ ಎಲ್ಲಿ ಹೋದರು?"

"ಹಳ್ಳದ ಆಚಿ ಹೋಗ್ಯಾರ್ರಿ."

ಸರ್ ಹಳ್ಳದ ಕಡೆ ತಿರುಗಿ ಕೈ ಮುಗಿದರು. "ಎಷ್ಟು ಸರಳವಾಗಿ ಹೇಳುತ್ತಾರೆ," ಎಂದು ಸಾಹೇಬರಿಗೆ ಮೆಲ್ಲಗೆ ಹೇಳಿದರು. ಆಮೇಲೆ ಮತ್ತೆ ಕೇಳಿದರು, "ಅವರಲ್ಲಿ ಯಾರಾದರೂ ತಿರುಗಿ ಬಂದದ್ದು ಉಂಟೇ?"

"ಎಲ್ಲಾರೂ ಬರ್ತಾರ್ರಿ. ದೀಪ ಹಚ್ಚೋ ಹೊತ್ತಿಗಿ."

ಸಾಯಪ್ಪ ಅಂದು ಒಂದು ಸುಳ್ಳನ್ನೂ ಹೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇನ್ನೂ ಬಹಳ ಸಮಯವಿತ್ತು. ಆದರೂ ಸಾಹೇಬರು ಕೈಗಡಿಯಾರ ನೋಡಿಕೊಂಡು, ಹೊರಡೋಣ ಎಂದರು. ಜೀಪು ಹತ್ತುವಾಗ ಅವರು ಮೊದಲ ಸಲ ಸಾಯಪ್ಪನ ಮುಖ ನೋಡಿ ಹೇಳಿದರು, "ಭಾಳ ಛಲೋ ಜಾಗ ಅದ. ಬಸ್ಸು ಮಂಜೂರ್ ಮಾಡಸ್ತೀನಿ."

ಹಳ್ಳದಾಚೆ ಸುದ್ದಿ ಮುಟ್ಟಿದಾಗ ಎದ್ದ ಕೂಗು ಅಗಸಿಯವರೆಗೂ ಕೇಳಿತು. ಜೀಪು ಅಷ್ಟರಲ್ಲಿ ದೂರ ಹೋಗಿತ್ತು, ಪುಣ್ಯ.

ಬಸ್ಸು ಭಾದ್ರಪದದ ಮೊದಲಲ್ಲಿ ಬಂತು. ಜಹೀರಾಬಾದಿನಿಂದ ಬರುವುದು, ಹಾಳೂರೆಂದು ಹುಣಸಿವಾಡಿ ತೋರಿಸಿ ಮಧ್ಯಾಹ್ನಕ್ಕೆ ತಿರುಗಿ ಹೋಗುವುದು. ಭಾನುವಾರ ಮಾತ್ರ.

"ಐತವಾರ ಕಾಲೇಜಿಗಿ ಸೂಟಿ," ಎಂದಳು ಸ್ವರೂಪಾ.

ಧಮ್ಮಪಾಲ ಅಪ್ಪನನ್ನು ಅಣಕಿಸಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿದ. ಬಂದ ಬಸ್ಸನ್ನು ಬೇಡ ಎನ್ನುವ ಹಾಗೂ ಇರಲಿಲ್ಲ. ಜನ ಕಂಡರೆ ಅದೂ ನಿಲ್ಲುತ್ತದೆ. ಹೀಗಾಗಿ ಭಾನುವಾರ ಬಂತೆಂದರೆ ಹುಣಸಿವಾಡಿ ಹಳ್ಳ ದಾಟಿ ಹಾಳೂರಿನಲ್ಲಿ ಕೂರುವುದು ರೂಢಿಯಾಯಿತು. ಧಮ್ಮಪಾಲ ಅಲ್ಲಿ ಮಕ್ಕಳಿಗೆ ನೆರಳಾಗಲೆಂದು ತಗಡಿನ ಚಪ್ಪರ ಹಾಕಿದ. ಮನ್ಮಥಪ್ಪ ಒಂದು ಡಬ್ಬಿ ಅಂಗಡಿ ಇಟ್ಟ. ಸವಳು ಬಾವಿಯ ಪಕ್ಕ ಯಾರೋ ಬೋರು ಹೊಡೆಸುವ ಮಾತೆತ್ತಿದರು. ಈಚೆ ಬಸ್ಸಿನಿಂದ ಇಳಿದವರು ಸಾಯಪ್ಪನ ಚಪ್ಪಲಿಯ ಫೋಟೋ ತೆಗೆಯುತ್ತಿದ್ದರು. ಅದಕ್ಕಾಗಿ ಅವನು ಭಾನುವಾರ ಬರಿಗಾಲಲ್ಲೇ ಇರಬೇಕಾಗಿತ್ತು.

ಶಿಲ್ಪಾರಾಣಿ ಉಪಕಾರ ಮರೆಯಲಿಲ್ಲ. ತಾಂಡೂರಿನ ಒಂದು ಹಾಸ್ಟೆಲಿನಲ್ಲಿ ಸ್ವರೂಪಾಳಿಗೆ ಜಾಗ ಕೊಡಿಸಿ, ಅಲ್ಲಿನ ಕಾಲೇಜಿಗೇ ಸೇರಿಸುವ ಏರ್ಪಾಟು ಮಾಡಿ ಫೋನು ಮಾಡಿದಳು. ಧಮ್ಮಪಾಲ ಒಂದು ದಿನ ಯೋಚಿಸಿ ಒಪ್ಪಿದ. ತೊಗರಿ ಆಳುದ್ದ ಬರುವ ಮೊದಲೇ ಆದದ್ದು ಒಳ್ಳೆಯದಾಯಿತು ಎಂದ. ಹಾಸ್ಟೆಲಿನ ಬಟ್ಟೆ, ಬಕೀಟು, ಟ್ರಂಕು ಹೊತ್ತು ದೊಡ್ಡ ರಸ್ತೆಯವರೆಗೆ ನಡೆಯುವುದು ಕಷ್ಟ. ಬಸ್ಸಿಗೇ ಹೋಗಲಿ ಎಂದು ಎಲ್ಲರೂ ಅಂದರು. ಬಸ್ಸು ಇದ್ದದ್ದು ಭಾನುವಾರ.

ಆ ದಿನ ಊರೆಲ್ಲ ನಸುಕಿನಲ್ಲೇ ಹೊರಬಿತ್ತು. ಜನಾಬಾಯಿ ಸಜ್ಜೆ ರೊಟ್ಟಿ, ಸೇಂಗಾ ಹಿಂಡಿ ಗಂಟು ಕಟ್ಟಿ ಮೊಮ್ಮಗಳ ಕೈಗೆ ಕೊಟ್ಟು, "ಹೊಂಟಾಗ ಕೈ ಮಾಡಾಕೂ ನಾ ಇರಂಗಿಲ್ಲಲ್ಲವ್ವ," ಎಂದಳು.

"ನೀ ಇದ್ರ ಬಸ್ಸೇ ಇರಂಗಿಲ್ಲ, ಆಯಿ," ಎಂದಳು ಸ್ವರೂಪಾ.

ಜನಾಬಾಯಿ ರಂಗೋಲಿ ಹಾಕಿ ಹಳ್ಳ ದಾಟಿದಳು. ಅಗಸಿಯಲ್ಲಿ ಉಳಿದವರು ಖಾಕಿ ಅಂಗಿಯ ಸಾಯಪ್ಪ, ಟ್ರಂಕಿನ ಮೇಲೆ ಕುಳಿತ ಸ್ವರೂಪಾ. ಬಸ್ಸು ಬಂತು, ಜನ ಇಳಿದರು, ಒಳಗೆ ಹೋದರು, ಚಪ್ಪಲಿ ನೋಡಿದರು, ಕುರ್ಚಿ ನೋಡಿದರು, ಮಧ್ಯಾಹ್ನಕ್ಕೆ ತಿರುಗಿ ಬಂದು ಹತ್ತಿದರು. ಸ್ವರೂಪಾ ಕಡೆಯವಳಾಗಿ ಟ್ರಂಕು ಎತ್ತಿಕೊಂಡಳು. ಸಾಯಪ್ಪ ಅವಳ ತಲೆ ಮುಟ್ಟಲು ಕೈ ಎತ್ತಿದ. ತಾನು ಪಕ್ಕದ ಊರಿನ ಕಾವಲುಗಾರ ಎಂಬುದು ನೆನಪಾಗಿ, ಟ್ರಂಕಿಗೆ ಕೈ ಹಾಕಿ ಮೇಲೇರಿಸಿದ.

"ಎಲ್ಲಿಂದಮ್ಮ?" ಎಂದು ಕೇಳಿದ ಕಂಡಕ್ಟರ್.

"ಹುಣಸಿವಾಡಿ."

"ಇಲ್ಲಿಂದ ಯಾರೂ ಹತ್ತಂಗಿಲ್ಲಲ್ಲ," ಎಂದು ಅವನು ನಕ್ಕು, ಪುಕ್ಕಟೆಯ ಚೀಟಿ ಹರಿದು ಕೊಟ್ಟ.

ಕಿಟಕಿಯ ಬದಿ ಕುಳಿತಿದ್ದ ಹುಡುಗಿಯೊಬ್ಬಳು ಹೊರಗೆ ಫೋನು ಚಾಚಿ, ಅಗಸಿಯ ಕಲ್ಲು, ಮುಳ್ಳು, ಬರಿಗಾಲಲ್ಲಿ ನಿಂತ ಮುದುಕ ಎಲ್ಲ ಬರುವ ಹಾಗೆ ಒಂದು ಫೋಟೋ ತೆಗೆದುಕೊಂಡಳು. ಆಮೇಲೆ ಒಳಗೆ ತಿರುಗಿ ಸ್ವರೂಪಾಳದೂ ಒಂದು ತೆಗೆದಳು. ಬಸ್ಸು ಹೊರಟಿತು. ತೊಗರಿಯ ಮೇಲೆ ಅದರ ಧೂಳು ಬಹಳ ಹೊತ್ತು ನಿಂತಿತ್ತು.

ಸಾಯಪ್ಪ ಅಗಸಿಯೊಳಗೆ ಬಂದು ಕಟ್ಟೆಯ ಮೇಲೆ ಕುಳಿತ. ದೀಪ ಹಚ್ಚುವ ಹೊತ್ತಿಗೆ ಹಳ್ಳದಾಚೆಯಿಂದ ಎಲ್ಲರೂ ಬಂದರು, ನಾಯಿಗಳೂ ಬಂದವು. ಅವನು ಅಭ್ಯಾಸಬಲದಿಂದ ಓಣಿ ಓಣಿ ತಿರುಗಿ, ಪ್ರತಿ ಹೊಸ್ತಿಲಲ್ಲೂ ಬಗ್ಗಿ ನೋಡಿ ಬಂದ. ಆ ವರ್ಷ ಹುಣಸಿವಾಡಿಯನ್ನು ಖರೇನೇ ಬಿಟ್ಟು ಹೋದವಳು ಸ್ವರೂಪಾ ಒಬ್ಬಳೇ. ಭಾದ್ರಪದದ ಕಡೆಯ ಭಾನುವಾರ ಎಂದು ತಲೆಯೊಳಗಿನ ಸಾಲಿಗೆ ಅದನ್ನೂ ಸೇರಿಸಿದ.